ಮನೆಗಳು ಹೆಚ್ಚಾದರೆ ಬೆಂಗಳೂರಿನಲ್ಲಿ ಬಾಡಿಗೆ ತಗ್ಗುತ್ತದೆಯೇ?

ಮಾರತ್ತಹಳ್ಳಿ ಬಾಡಿಗೆದಾರ (ಪ್ರಶ್ನೆ):

ಬೆಂಗಳೂರಿನ ಮನೆಬಾಡಿಗೆಯ ಮಾತು ಬಂದಾಗಲೆಲ್ಲ, ಮನೆಗಳ ಕೊರತೆಯೇ ಎಲ್ಲಕ್ಕೂ ಕಾರಣ, ಇನ್ನಷ್ಟು ಕಟ್ಟಲು ಬಿಟ್ಟರೆ ಬಾಡಿಗೆ ತಾನಾಗಿಯೇ ಹತೋಟಿಗೆ ಬರುತ್ತದೆ ಎಂಬ ವಾದ ಕೇಳಿಬರುತ್ತದೆ. ಅರ್ಥಶಾಸ್ತ್ರ ಓದಿದವರೂ ಹೀಗೆ ಹೇಳುತ್ತಾರೆ, ಬಿಲ್ಡರುಗಳೂ ಹೀಗೆಯೇ ಹೇಳುತ್ತಾರೆ. ಎರಡನೆಯವರ ಬಾಯಲ್ಲಿ ಆ ಮಾತು ಬಂದಾಗ ನನ್ನ ನಂಬಿಕೆ ಸ್ವಲ್ಪ ಕಡಿಮೆಯಾಗುತ್ತದೆ.

ಅನುಮಾನಕ್ಕೆ ಕಾರಣವಿದೆ. ವೈಟ್‌ಫೀಲ್ಡ್, ಬೆಳ್ಳಂದೂರು, ಸರ್ಜಾಪುರ ರಸ್ತೆ, ಥಣಿಸಂದ್ರ ಮುಂತಾದ ಕಡೆ ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಸಾಲುಸಾಲಾಗಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಆ ವಾದವೇ ಸರಿಯಾಗಿದ್ದರೆ ಅಲ್ಲಿ ಬಾಡಿಗೆ ಅಗ್ಗವಾಗಿರಬೇಕಿತ್ತು. ಆದರೆ 2022 ಮತ್ತು 2023ರಲ್ಲಿ ಬಾಡಿಗೆ ಕಂಡಾಪಟ್ಟೆ ಏರಿದ ಜಾಗಗಳಲ್ಲಿ ಇವೂ ಸೇರಿದ್ದವು. ಇನ್ನೊಂದು ಕಡೆ, 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಮರುವರ್ಷ ಕೇಂದ್ರ ಸರ್ಕಾರ ನೇಮಿಸಿದ್ದ ತಜ್ಞರ ತಂಡವು ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆ ಎಂದು ಅಂದಾಜು ಮಾಡಿತು; ಆ ಕೊರತೆಯಲ್ಲಿ ಶೇ 95ಕ್ಕೂ ಹೆಚ್ಚಿನ ಪಾಲು ಆರ್ಥಿಕವಾಗಿ ದುರ್ಬಲರಾದವರದು ಮತ್ತು ಕಡಿಮೆ ವರಮಾನದವರದು. ಬೀಗ ಹಾಕಿದ ಮನೆಗಳೂ ಮನೆ ಸಿಗದ ಜನರೂ ಒಂದೇ ಊರಿನಲ್ಲಿರುವಾಗ ಇನ್ನಷ್ಟು ಕಟ್ಟುವುದರಿಂದ ನನ್ನಂಥ ಬಾಡಿಗೆದಾರನಿಗೆ ಏನು ದಕ್ಕುತ್ತದೆ? ದಯವಿಟ್ಟು ಘೋಷಣೆಗಳನ್ನು ಬಿಟ್ಟು ಗೊತ್ತಿರುವ ಸಂಗತಿಗಳ ಆಧಾರದ ಮೇಲೆ ಉತ್ತರಿಸಬೇಕೆಂದು ಕೋರುತ್ತೇನೆ.

ಅರ್ಥಶಾಸ್ತ್ರದ ಉಪನ್ಯಾಸಕ, ಮೈಸೂರು:

ವೈಟ್‌ಫೀಲ್ಡಿನಲ್ಲಿ ಕಟ್ಟಡಗಳೂ ಹೆಚ್ಚಿದವು, ಬಾಡಿಗೆಯೂ ಹೆಚ್ಚಿತು ಎಂಬುದು ನಿಜ. ಆದರೆ ಮೊದಲನೆಯದು ಎರಡನೆಯದಕ್ಕೆ ಕಾರಣವೆಂದಾಗಲಿ, ಮೊದಲನೆಯದರಿಂದ ಪ್ರಯೋಜನವಾಗಲಿಲ್ಲವೆಂದಾಗಲಿ ಇದರಿಂದ ಹೇಳಲು ಬರುವುದಿಲ್ಲ. ತೊಂಬತ್ತರ ದಶಕದಲ್ಲಿ ಐಟಿಪಿಎಲ್ ಎಂಬ ಐಟಿ ಪಾರ್ಕು ತಲೆಯೆತ್ತಿದ ಮೇಲೆ ಆ ಭಾಗಕ್ಕೆ ನೌಕರಿ ಬಂತು, ನೌಕರಿಯ ಹಿಂದೆ ಜನ ಬಂದರು, ಜನರ ಹಿಂದೆ ಬಿಲ್ಡರುಗಳು ಬಂದರು. 2001ರಲ್ಲಿ ಸುಮಾರು 57 ಲಕ್ಷವಿದ್ದ ಬೆಂಗಳೂರು ಮಹಾನಗರದ ಜನಸಂಖ್ಯೆ 2011ರ ಹೊತ್ತಿಗೆ 85 ಲಕ್ಷವಾಯಿತು. ಬಂದ ಜನಕ್ಕಿಂತ ನಿಧಾನವಾಗಿ ಮನೆಗಳು ಬಂದರೆ, ಎಷ್ಟೇ ಕ್ರೇನುಗಳು ಕಣ್ಣಿಗೆ ಬಿದ್ದರೂ ಬಾಡಿಗೆ ಏರಿಯೇ ಏರುತ್ತದೆ. ಆದ್ದರಿಂದ ನಾವು ಕೇಳಬೇಕಾದದ್ದು, ಆ ಕಟ್ಟಡಗಳು ಬಾರದೇ ಇದ್ದಿದ್ದರೆ ಇಂದು ಮಾರತ್ತಹಳ್ಳಿಯಲ್ಲಿ ಬಾಡಿಗೆ ಎಷ್ಟಿರುತ್ತಿತ್ತು ಎಂದು.

ಈ ಪ್ರಶ್ನೆಗೆ ಪ್ರಯೋಗಶಾಲೆಯಲ್ಲಿ ಉತ್ತರ ಸಿಗುವುದಿಲ್ಲವಾದರೂ ಬೆಂಗಳೂರು ತನಗರಿವಿಲ್ಲದೆ ಒಂದು ಪ್ರಯೋಗವನ್ನು ಮಾಡಿ ತೋರಿಸಿದೆ. 2020ರ ಲಾಕ್‌ಡೌನಿನ ನಂತರ ಮನೆಯಿಂದಲೇ ಕೆಲಸ ಶುರುವಾಗಿ ಜನ ಹಾಸನಕ್ಕೋ ಹುಬ್ಬಳ್ಳಿಗೋ ಹೈದರಾಬಾದಿಗೋ ಮರಳಿದರು. ಊರಿನಲ್ಲಿದ್ದ ಮನೆಗಳ ಸಂಖ್ಯೆ ಬದಲಾಗಿರಲಿಲ್ಲ. ಆದರೂ ಪಿಜಿಗಳು ಬಾಗಿಲು ಮುಚ್ಚಿದವು, 'ಟು ಲೆಟ್' ಬೋರ್ಡುಗಳು ತಿಂಗಳುಗಟ್ಟಲೆ ತೂಗಾಡಿದವು, ಮಾಲೀಕರು ತಾವಾಗಿಯೇ ಬಾಡಿಗೆಯನ್ನೂ ಅಡ್ವಾನ್ಸನ್ನೂ ತಗ್ಗಿಸಿದರು. 2022ರಲ್ಲಿ ಕಂಪನಿಗಳು ನೌಕರರನ್ನು ಮರಳಿ ಕರೆದಾಗ, ಎರಡು ವರ್ಷ ನಿರ್ಮಾಣವೂ ಕುಂಟಿದ್ದರಿಂದ, ಅದೇ ಮನೆಗಳ ಮುಂದೆ ಜನ ಸಾಲು ನಿಂತರು, ಮಾಲೀಕರು ಸಂದರ್ಶನ ಮಾಡಿ ಬಾಡಿಗೆದಾರರನ್ನು ಆರಿಸುವ ಸ್ಥಿತಿ ಬಂತು. ಮಾಲೀಕರು 2020ರಲ್ಲಿ ಸಜ್ಜನರಾಗಿ 2022ರಲ್ಲಿ ದುರಾಸೆಯವರಾದರು ಎಂದು ಯಾರೂ ನಂಬಲಾರರು. ಖಾಲಿ ಮನೆ ಮತ್ತು ಹುಡುಕುವ ಜನರ ನಡುವಿನ ಪ್ರಮಾಣ ಬದಲಾಯಿತು, ಅಷ್ಟೇ. ಜನ ಕಡಿಮೆಯಾದಾಗ ಬಾಡಿಗೆದಾರನ ಕೈ ಮೇಲಾಗುವುದಾದರೆ ಮನೆ ಹೆಚ್ಚಾದಾಗಲೂ ಆತನ ಕೈ ಮೇಲಾಗಲೇಬೇಕು.

ಹೊರದೇಶಗಳ ದಾಖಲೆಯೂ ಈ ಕಡೆಗೇ ವಾಲುತ್ತದೆ. ಅಮೆರಿಕದ ಮಿನಿಯಾಪೊಲಿಸ್ ನಗರವು, ಯಾವ ಜಾಗದಲ್ಲಿ ಏನನ್ನು ಎಷ್ಟು ಕಟ್ಟಬಹುದೆಂಬ ವಲಯ ನಿಯಮಗಳನ್ನು ಸಡಿಲಿಸಿ, ಮುಖ್ಯರಸ್ತೆಗಳ ಪಕ್ಕದಲ್ಲಿ ಬಹುಮಹಡಿ ಕಟ್ಟಡಗಳಿಗೆ ಅವಕಾಶ ಕೊಟ್ಟಿತು. 2017ರಿಂದ 2022ರ ನಡುವೆ ಅಲ್ಲಿ ಮನೆಗಳ ಸಂಖ್ಯೆ ಸುಮಾರು ಶೇ 12ರಷ್ಟು ಹೆಚ್ಚಿತು, ಬಾಡಿಗೆ ಶೇ 1ರಷ್ಟು ಮಾತ್ರ ಏರಿತು. ಅದೇ ಅವಧಿಯಲ್ಲಿ ಮಿನೆಸೋಟಾ ರಾಜ್ಯದ ಉಳಿದ ಭಾಗದಲ್ಲಿ ಮನೆಗಳು ಶೇ 4ರಷ್ಟು ಹೆಚ್ಚಿ, ಬಾಡಿಗೆ ಶೇ 14ರಷ್ಟು ಏರಿತು. ದುಬಾರಿ ಮನೆ ಕಟ್ಟಿದರೆ ಬಡವರಿಗೇನು ಎಂಬ ಆಕ್ಷೇಪಕ್ಕೂ ಅಲ್ಲಿಯ ಸಂಶೋಧನೆಯಲ್ಲಿ ಉತ್ತರವಿದೆ. ಹೊಸ ಮನೆಗೆ ಹೋದವನು ತನ್ನ ಹಳೆಯ ಮನೆಯನ್ನು ಬಿಟ್ಟು ಹೋಗುತ್ತಾನೆ, ಅದಕ್ಕೆ ಬಂದವನು ಇನ್ನೊಂದನ್ನು ಬಿಟ್ಟಿರುತ್ತಾನೆ. ಅಮೆರಿಕದ ದೊಡ್ಡ ನಗರಗಳ ವಿಳಾಸ ಬದಲಾವಣೆಗಳ ಜಾಡು ಹಿಡಿದ ಒಂದು ಅಧ್ಯಯನವು, ಮಾರುಕಟ್ಟೆ ದರದ 100 ಹೊಸ ಮನೆಗಳಿಂದ ಸರಾಸರಿಗಿಂತ ಕಡಿಮೆ ವರಮಾನದ ಬಡಾವಣೆಗಳಲ್ಲಿ 45ರಿಂದ 70 ಮನೆಗಳು ತೆರವಾಗುತ್ತವೆ ಎಂದು ಅಂದಾಜಿಸಿದೆ. ಬೆಂಗಳೂರಿನ ಸರಪಳಿ ಇಷ್ಟೇ ಉದ್ದವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಸರ್ಜಾಪುರ ರಸ್ತೆಯ ಫ್ಲ್ಯಾಟಿಗೆ ಹೋದ ದಂಪತಿ ಎಚ್‌ಎಸ್‌ಆರ್ ಬಡಾವಣೆಯಲ್ಲಿ ಒಂದು ಮನೆಯನ್ನು ಬಿಟ್ಟಿರುತ್ತಾರೆ ಎಂಬುದು ಯಾವ ದೇಶಕ್ಕೂ ಸಲ್ಲುವ ಲೆಕ್ಕ.

ವಿಜಯನಗರದ ಮನೆಯೊಡತಿ:

ಉಪನ್ಯಾಸಕರ ವಿವರಣೆಗೆ ನನ್ನ ತಕರಾರಿಲ್ಲ. ಆದರೆ ಅವರು 'ಮನೆ' ಎಂದಾಗ ಫ್ಲ್ಯಾಟನ್ನೇ ಮನಸ್ಸಿನಲ್ಲಿಟ್ಟುಕೊಂಡಂತಿದೆ. ಬೆಂಗಳೂರಿನಲ್ಲಿ ಸಾಮಾನ್ಯ ಸಂಬಳದವರು ಬಾಡಿಗೆಗಿರುವ ಮನೆಗಳನ್ನು ದೊಡ್ಡ ಬಿಲ್ಡರುಗಳು ಕಟ್ಟಿದ್ದಲ್ಲ. 30×40ರ ಸೈಟಿನಲ್ಲಿ ಕೆಳಗೆ ತಾವಿದ್ದು ಮೇಲೆ ನಾಲ್ಕು ಮನೆ ಹಾಕಿಸಿ ಬಾಡಿಗೆಗೆ ಬಿಟ್ಟ ನನ್ನಂಥ ಕುಟುಂಬಗಳು ಕಟ್ಟಿದ್ದು. ಬಾಡಿಗೆದಾರರು ನಮ್ಮ ಲೆಕ್ಕವನ್ನೂ ಒಮ್ಮೆ ನೋಡುವುದು ಒಳ್ಳೆಯದು.

1,200 ಚದರಡಿಯ ಸೈಟಿನಲ್ಲಿ ನಿಯಮದ ಪ್ರಕಾರ ಕಟ್ಟಬಹುದಾದದ್ದು 1.75 ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಒಟ್ಟು ಮಹಡಿಗಳ ವಿಸ್ತೀರ್ಣ ಇರಬಹುದೆಂಬ ಮಿತಿ), ಅಂದರೆ 2,100 ಚದರಡಿ. ಚದರಡಿಗೆ 2,200 ರೂಪಾಯಿ ಖರ್ಚೆಂದು ಹಿಡಿದರೂ 46 ಲಕ್ಷ ಬೇಕು. ನಾಲ್ಕು ಚಿಕ್ಕ ಮನೆಗಳಾಗಿ, ತಲಾ 16,000 ಬಾಡಿಗೆ ಬಂತೆನ್ನೋಣ; ವರ್ಷಕ್ಕೆ 7.68 ಲಕ್ಷವಾಯಿತು. ಸೈಟು ತಾತನ ಕಾಲದಿಂದ ಬಂದಿದ್ದರೆ ಇದು ಒಳ್ಳೆಯ ಆದಾಯ, ಹಾಕಿದ ಹಣಕ್ಕೆ ಶೇ 16ಕ್ಕೂ ಹೆಚ್ಚು. ಆದರೆ ಸೈಟನ್ನು ಇಂದು ಚದರಡಿಗೆ 12,000ದಂತೆ ಕೊಂಡು ಕಟ್ಟುವವನಿಗೆ ಬಂಡವಾಳ 1.90 ಕೋಟಿಯಾಗುತ್ತದೆ, ಆದಾಯ ಶೇ 4ರ ಆಸುಪಾಸಿಗೆ ಇಳಿಯುತ್ತದೆ; ಕಂದಾಯ, ಸುಣ್ಣಬಣ್ಣ, ಖಾಲಿ ಬಿದ್ದ ತಿಂಗಳುಗಳನ್ನು ಕಳೆದರೆ ಇನ್ನೂ ಕಡಿಮೆ. ಬ್ಯಾಂಕು ಸಾಲಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚಿನ ಬಡ್ಡಿ ಕೇಳುವಾಗ, ಬಾಡಿಗೆಗೆ ಕೊಡಲೆಂದೇ ಜಾಗ ಕೊಂಡು ಮನೆ ಕಟ್ಟುವವರು ಯಾರಿದ್ದಾರೆ? ಹೀಗಾಗಿ ನಗರದಲ್ಲಿ ಅಗ್ಗದ ಬಾಡಿಗೆ ಮನೆ ಹೊಸದಾಗಿ ಹುಟ್ಟುವುದು ಮುಖ್ಯವಾಗಿ ಮೊದಲೇ ಜಾಗವಿದ್ದವರಿಂದ: ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸೈಟು ಸಿಕ್ಕಿದ್ದ ಹಳೆಯ ನೌಕರರಿಂದ, ಊರು ಬೆಳೆದು ಹೊಲದ ಬಾಗಿಲಿಗೆ ಬಂದಾಗ ಒಂದೆರಡು ಸೈಟು ಉಳಿಸಿಕೊಂಡ ಹಳ್ಳಿಯ ಮನೆತನಗಳಿಂದ.

ಈ ಲೆಕ್ಕ ಹೊಂದದಿರುವುದರಿಂದಲೇ ಮೂರು ಮಹಡಿಗೆ ನಕ್ಷೆ ಮಂಜೂರು ಮಾಡಿಸಿ ಐದು ಕಟ್ಟುವ ಚಾಳಿ ಬೆಳೆದಿದೆ. ಅದನ್ನು ನಾನು ಸಮರ್ಥಿಸುವುದಿಲ್ಲ. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು ಕಾರ್ಮಿಕರು ಸತ್ತದ್ದನ್ನು ನಾವೆಲ್ಲ ಓದಿದ್ದೇವೆ. ಆದರೆ ಇಂದು 12,000, 14,000 ರೂಪಾಯಿಗೆ ಒಂದು ಕೋಣೆಯ ಮನೆ ಸಿಗುತ್ತಿರುವುದರಲ್ಲಿ ಈ ಹೆಚ್ಚುವರಿ ಮಹಡಿಗಳ ಪಾಲು ದೊಡ್ಡದು ಎಂಬುದನ್ನು ಮುಚ್ಚಿಡಲೂ ಆಗದು. ಸಾಕಷ್ಟು ಅಗಲವಾದ ರಸ್ತೆಯಿರುವ ಕಡೆ ಎಂಜಿನಿಯರ್ ಸಹಿಯೊಂದಿಗೆ ಕಾನೂನಿನ ಒಳಗೇ ಇನ್ನೊಂದು ಮಹಡಿಗೆ ಅವಕಾಶ ಕೊಟ್ಟರೆ, ಸರ್ಕಾರ ಒಂದು ರೂಪಾಯಿ ಖರ್ಚು ಮಾಡದೆ ಹಳೆಯ ಬಡಾವಣೆಗಳಲ್ಲಿ ಎಷ್ಟೋ ಬಾಡಿಗೆ ಮನೆಗಳು ಹುಟ್ಟುತ್ತವೆ.

ಇನ್ನು ಖಾಲಿ ಮನೆಗಳ ವಿಚಾರ. 1.20 ಕೋಟಿಯ ಫ್ಲ್ಯಾಟಿಗೆ ತಿಂಗಳಿಗೆ 35,000 ಬಾಡಿಗೆ ಬಂದರೆ ಅದು ವರ್ಷಕ್ಕೆ ಶೇ 3.5. ಕೊಂಡವನು ಬೆಲೆ ಏರುತ್ತದೆಂಬ ನಂಬಿಕೆಯಿಂದ ಕೊಂಡಿರುತ್ತಾನೆಯೇ ಹೊರತು ಬಾಡಿಗೆಗಾಗಿ ಅಲ್ಲ. ಆತ ದುಬೈಯಲ್ಲೋ ಡಲ್ಲಾಸಿನಲ್ಲೋ ಇದ್ದರೆ, ಬಾಡಿಗೆದಾರ ಬಿಟ್ಟು ಹೋಗದೆ ಹಟ ಹಿಡಿದರೆ ಕೋರ್ಟಿಗೆ ಅಲೆಯುವವರಾರು ಎಂದು ಬೀಗ ಹಾಕಿಡುತ್ತಾನೆ. ನಮ್ಮ ಬೀದಿಯಲ್ಲೇ ಅಂಥ ಮನೆಗಳಿವೆ.

ಪೀಣ್ಯ ಕಡೆಯವನು:

ಇಲ್ಲಿಯವರೆಗಿನ ಮಾತೆಲ್ಲ 12,000 ರೂಪಾಯಿ ಬಾಡಿಗೆ ಕೊಡಬಲ್ಲವರ ಬಗ್ಗೆ. ನಾನು ಕಾರ್ಮಿಕ ಸಂಘಟನೆಯಲ್ಲಿ ಕೆಲಸ ಮಾಡುವವನು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳವೇ ಅದರ ಹತ್ತಿರಹತ್ತಿರ ಇರುತ್ತದೆ. ಅವರು ಇರುವುದು ಒಂದು ಕೋಣೆಯ ಲೈನ್ ಮನೆಗಳಲ್ಲಿ, ನಾಲ್ಕಾರು ಸಂಸಾರಕ್ಕೆ ಒಂದೇ ನಲ್ಲಿ, ಒಂದೇ ಶೌಚಾಲಯ ಇರುವ ವಠಾರಗಳಲ್ಲಿ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದು ನೀವು ಹೇಳುವ ಅಪಾರ್ಟ್‌ಮೆಂಟುಗಳನ್ನು ಕಟ್ಟುತ್ತಿರುವವರು ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿರುತ್ತಾರೆ. ಪ್ರಶ್ನೆಯಲ್ಲಿ ಹೇಳಿರುವ 1.88 ಕೋಟಿಯ ಕೊರತೆಯ ಅರ್ಥವನ್ನೂ ಗಮನಿಸಬೇಕು. ಅದರಲ್ಲಿ ಬಹುಪಾಲು ಬೀದಿಯಲ್ಲಿ ಮಲಗುವವರದಲ್ಲ, ಸೂರಿದ್ದರೂ ಇಕ್ಕಟ್ಟಿನಲ್ಲಿ ಬದುಕುವವರದು. ಖಾಲಿ ಬಿದ್ದಿರುವುದು ಒಂದು ಬಗೆಯ ಮನೆ, ಬೇಕಾಗಿರುವುದು ಇನ್ನೊಂದು ಬಗೆಯದು.

ಉಪನ್ಯಾಸಕರು ಹೇಳಿದ ಸರಪಳಿ ಸರ್ಜಾಪುರದಿಂದ ಎಚ್‌ಎಸ್‌ಆರ್‌ಗೆ, ಅಲ್ಲಿಂದ ಬೊಮ್ಮನಹಳ್ಳಿಗೆ ಬರಬಹುದು. ವಠಾರಕ್ಕೆ ಬರುವಷ್ಟರಲ್ಲಿ ಅದು ತುಂಡಾಗುತ್ತದೆ, ಏಕೆಂದರೆ ನಡುವೆ ಪ್ರತಿ ಹಂತದಲ್ಲೂ ಹೊಸದಾಗಿ ಊರಿಗೆ ಬಂದವರು ಕಾಯುತ್ತಿರುತ್ತಾರೆ. ಜೊತೆಗೆ, ರಸ್ತೆಗೊಂದು ದೊಡ್ಡ ಯೋಜನೆ ಬಂದಾಗ ಮೊದಲು ಏರುವುದು ಜಾಗದ ಬೆಲೆ. ಮೆಟ್ರೊ ಮಾರ್ಗ ಹಾದುಹೋದ ಕಡೆ ವಠಾರದ ಮಾಲೀಕ ವಠಾರವನ್ನೇ ಕೆಡವಿ ಪಿಜಿ ಕಟ್ಟುತ್ತಾನೆ. ಮನೆಗಳ ಸಂಖ್ಯೆ ಕಾಗದದ ಮೇಲೆ ಹೆಚ್ಚುತ್ತದೆ, ಅಲ್ಲಿದ್ದ ಸಂಸಾರ ಮಾತ್ರ ನೆಲಮಂಗಲದ ಕಡೆಗೆ ಹೋಗಿ ಬಸ್ಸಿಗೆ ಕಾಯುತ್ತದೆ.

ಸಿಂಗಪುರದಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ನಿವಾಸಿಗಳು 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸತಿ ಮಂಡಳಿಯ ಮನೆಗಳಲ್ಲಿದ್ದಾರೆ. ವಿಯೆನ್ನಾ ನಗರಾಡಳಿತವು ನೂರು ವರ್ಷಗಳಿಂದ ಕಟ್ಟುತ್ತಾ ಬಂದು ಇಂದು ಸುಮಾರು 2,20,000 ಬಾಡಿಗೆ ಮನೆಗಳ ಮಾಲೀಕನಾಗಿದೆ. ಇವೂ 'ಇನ್ನಷ್ಟು ಕಟ್ಟಿರಿ' ಎಂಬುದಕ್ಕೇ ಉದಾಹರಣೆಗಳು. ಕಟ್ಟಿದವರು ಬಿಲ್ಡರುಗಳಲ್ಲ, ಅಷ್ಟೇ. ನಮ್ಮಲ್ಲಿ 2020ರ ಜುಲೈಯಲ್ಲಿ, ವಲಸೆ ಕಾರ್ಮಿಕರು ನಡೆದುಕೊಂಡು ಊರಿಗೆ ಹೋದ ನಂತರ, ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಯನ್ನು ಕೇಂದ್ರ ಸಂಪುಟ ಒಪ್ಪಿತು. ಒಪ್ಪಿದ್ದು ಒಳ್ಳೆಯದೇ. ಆದರೆ ನಮ್ಮ ವಸತಿ ಯೋಜನೆಗಳಲ್ಲಿ ಹೆಚ್ಚಿನವು ಜನರನ್ನು ಮಾಲೀಕರನ್ನಾಗಿ ಮಾಡುವ ಕಡೆಗೇ ಹಣ ಸುರಿಯುತ್ತವೆ. ಎರಡು ವರ್ಷ ದುಡಿದು ಊರಿಗೆ ಮರಳುವವನಿಗೆ ಬೇಕಾದದ್ದು ಸ್ವಂತ ಮನೆಯಲ್ಲ, ಅಗ್ಗದ ಬಾಡಿಗೆ.

ಮಾರತ್ತಹಳ್ಳಿ ಬಾಡಿಗೆದಾರ:

ಮೂವರಿಗೂ ಧನ್ಯವಾದಗಳು. ಎರಡು ಉಪಪ್ರಶ್ನೆಗಳಿವೆ. ಕಟ್ಟಡಗಳು ಬರುವ ತನಕ ಕಾಯಲು ಹತ್ತು ವರ್ಷ ಬೇಕು. ಅದಕ್ಕಿಂತ ಸರ್ಕಾರ ನೇರವಾಗಿ ಬಾಡಿಗೆಗೊಂದು ಮಿತಿ ಹಾಕಿದರೆ ಆಗದೇ? ಹಾಗೆಯೇ, ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಪದ್ಧತಿಯನ್ನಾದರೂ ನಿಲ್ಲಿಸಬಹುದಲ್ಲವೇ?

ಅರ್ಥಶಾಸ್ತ್ರದ ಉಪನ್ಯಾಸಕ, ಮೈಸೂರು:

ಮಿತಿಯ ಪ್ರಯೋಗ ನಮ್ಮ ದೇಶದಲ್ಲೇ ದೀರ್ಘಕಾಲ ನಡೆದಿದೆ. ಮುಂಬೈಯಲ್ಲಿ 1947ರ ಬಾಡಿಗೆ ಕಾಯ್ದೆಯು ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದವರಿಗೆ ಅದು ವರವಾಯಿತು. ಹೊರಗಿನಿಂದ ಬಂದವರು 'ಪಗಡಿ' ಎಂಬ ಹೆಸರಿನಲ್ಲಿ ದೊಡ್ಡ ಮೊತ್ತವನ್ನು ಕೊಟ್ಟೇ ಒಳಹೊಗಬೇಕಾಯಿತು. ಬಾಡಿಗೆಯಿಂದ ರಿಪೇರಿಯ ಖರ್ಚೂ ಹುಟ್ಟದೆ ಕಟ್ಟಡಗಳು ಶಿಥಿಲವಾದವು. ಹೀಗೆ ಬಾಡಿಗೆಯನ್ನು ಕಾಲಾನುಕಾಲಕ್ಕೆ ಪರಿಷ್ಕರಿಸದಿರುವುದು ನ್ಯಾಯಸಮ್ಮತವಲ್ಲವೆಂದು 1997ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಮಹಾರಾಷ್ಟ್ರ ಹೊಸ ಕಾಯ್ದೆ ಮಾಡಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1994ರಲ್ಲಿ ಸಣ್ಣ ಕಟ್ಟಡಗಳಿಗೂ ಮಿತಿಯನ್ನು ವಿಸ್ತರಿಸಿದಾಗ, ಇದ್ದ ಬಾಡಿಗೆದಾರರು ಅದೇ ವಿಳಾಸದಲ್ಲಿ ಉಳಿಯುವ ಸಾಧ್ಯತೆ ಸ್ಪಷ್ಟವಾಗಿ ಹೆಚ್ಚಿತು. ಅದೇ ವೇಳೆ ಆ ಕಟ್ಟಡಗಳ ಮಾಲೀಕರು ಬಾಡಿಗೆ ಮನೆಗಳನ್ನು ಶೇ 15ರಷ್ಟು ಕಡಿಮೆ ಮಾಡಿದರು, ಇಡೀ ನಗರದ ಬಾಡಿಗೆ ಸುಮಾರು ಶೇ 5ರಷ್ಟು ಏರಿತು. ಆದ್ದರಿಂದ ಮಿತಿಯು ಈಗಾಗಲೇ ಮನೆಯೊಳಗಿರುವವರನ್ನು ಕಾಪಾಡುತ್ತದೆ, ನಾಳೆ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿಯುವವನಿಗೆ ಹೊರೆಯಾಗುತ್ತದೆ. ಇದ್ದಕ್ಕಿದ್ದಂತೆ ಶೇ 40 ಏರಿಸುವುದನ್ನು ತಡೆಯುವ ಸೌಮ್ಯವಾದ ನಿಯಮಕ್ಕೆ ನನ್ನ ವಿರೋಧವಿಲ್ಲ.

ಕರ್ನಾಟಕದಲ್ಲಿ 1961ರ ನಿಯಂತ್ರಣ ಕಾಯ್ದೆಯ ಜಾಗದಲ್ಲಿ 1999ರ ಬಾಡಿಗೆ ಕಾಯ್ದೆ ಬಂದಿದೆ. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ ನಿಮಗಾಗಲಿ ವಿಜಯನಗರದವರಿಗಾಗಲಿ ಅದರಿಂದ ಉಪಯೋಗವಿಲ್ಲ. ಅಡ್ವಾನ್ಸಿನ ವಿಚಾರದಲ್ಲಿ ನಿಮ್ಮ ಬೇಡಿಕೆ ಸರಿಯಾಗಿದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟನ್ನೇ ಠೇವಣಿಯೆಂದು ಪಡೆಯಬಹುದು ಎನ್ನುತ್ತದೆ, ಜೊತೆಗೆ ವ್ಯಾಜ್ಯಗಳಿಗೆ ಪ್ರತ್ಯೇಕ ಪ್ರಾಧಿಕಾರವನ್ನೂ ನ್ಯಾಯಮಂಡಳಿಯನ್ನೂ ಸೂಚಿಸುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನದೇ ಕಾನೂನು ಮಾಡಿದರಷ್ಟೇ ಜಾರಿಗೆ ಬರುವುದು. ತ್ವರಿತ ನ್ಯಾಯಮಂಡಳಿ ಬಂದರೆ, ಬೀಗ ಹಾಕಿಟ್ಟಿರುವ ಕೆಲವು ಮನೆಗಳಾದರೂ ಒಂದು ಇಟ್ಟಿಗೆಯನ್ನೂ ಇಡದೆ ಬಾಡಿಗೆಗೆ ಬಂದಾವು.

ಆಕ್ಲೆಂಡ್ ಕನ್ನಡಿಗ:

ಇಂಥ ಚರ್ಚೆಗಳಲ್ಲಿ ನಾನಿರುವ ಊರಿನ ಹೆಸರು ಆಗಾಗ ಬರುವುದರಿಂದ ಇಲ್ಲಿ ನಡೆದದ್ದನ್ನು ಹೇಳುತ್ತೇನೆ. 2016ರ ಕೊನೆಯಲ್ಲಿ ಆಕ್ಲೆಂಡ್ ನಗರಾಡಳಿತವು ವಾಸದ ವಲಯದ ಸುಮಾರು ಮುಕ್ಕಾಲು ಭಾಗದಲ್ಲಿ ಹೆಚ್ಚು ಮನೆ ಕಟ್ಟಲು ಅನುಮತಿ ನೀಡಿತು. ಅಂಗಳದ ನಡುವೆ ಒಂದು ಹಳೆಯ ಮರದ ಮನೆಯಿದ್ದ ಜಾಗದಲ್ಲಿ ಈಗ ಸಾಲಾಗಿ ನಾಲ್ಕೈದು ಎರಡಂತಸ್ತಿನ ಮನೆಗಳು ನಿಂತಿವೆ. ಆರು ವರ್ಷಗಳ ನಂತರ ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು, ಈ ಬದಲಾವಣೆ ಆಗದೇ ಇದ್ದಿದ್ದರೆ ಇರುತ್ತಿದ್ದ ಬಾಡಿಗೆಗಿಂತ ಮೂರು ಕೋಣೆಗಳ ಮನೆಯ ಬಾಡಿಗೆ ಸುಮಾರು ಕಾಲು ಭಾಗ ಕಡಿಮೆಯಿದೆ ಎಂದು ಲೆಕ್ಕ ಹಾಕಿದರು. ಈ ಅಂಕಿಯ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲೇ ಜಗಳವಿದೆ, ಕೋವಿಡ್ ಕಾಲದಲ್ಲಿ ಗಡಿ ಮುಚ್ಚಿ ವಲಸೆ ನಿಂತಿದ್ದನ್ನೂ ನೆನಪಿಡಬೇಕು. ಬಾಡಿಗೆ ಕೊಡುವವನಾಗಿ ನಾನು ಹೇಳಬಲ್ಲದ್ದೆಂದರೆ ಬಾಡಿಗೆ ಇಳಿದದ್ದನ್ನು ನಾನು ನೋಡಲಿಲ್ಲ, ವರ್ಷ ವರ್ಷವೂ ಏರಿತು. ಏರಬಹುದಾಗಿದ್ದಷ್ಟು ಏರಲಿಲ್ಲ ಎಂಬುದು ಸಂಶೋಧಕರಿಗೆ ಕಾಣುವ ಸಂಗತಿಯೇ ಹೊರತು ತಿಂಗಳ ಕೊನೆಯಲ್ಲಿ ಬಾಡಿಗೆದಾರನ ಕಣ್ಣಿಗೆ ಬೀಳುವಂಥದ್ದಲ್ಲ.

ಬೆಂಗಳೂರಿಗೂ ಇಲ್ಲಿಗೂ ನನಗೆ ಕಾಣುವ ದೊಡ್ಡ ವ್ಯತ್ಯಾಸವೆಂದರೆ ಕಟ್ಟಿದ ಜಾಗ. ಇಲ್ಲಿ ಹೊಸ ಮನೆಗಳಲ್ಲಿ ಬಹಳಷ್ಟು, ಆಗಲೇ ನೀರು, ಚರಂಡಿ, ಬಸ್ಸು ಇದ್ದ ಬೀದಿಗಳಲ್ಲಿ ಬಂದವು. ಬೆಂಗಳೂರು ಹೊರಕ್ಕೆ ಹೊರಕ್ಕೆ ಚಾಚಿತು. ಬೆಳ್ಳಂದೂರು, ವರ್ತೂರು ಕಡೆ ಎಷ್ಟೋ ಕಟ್ಟಡಗಳು ಕಾವೇರಿ ನೀರು ಬರುವ ಮೊದಲೇ ಬಂದು ಕೊಳವೆಬಾವಿ ಮತ್ತು ಟ್ಯಾಂಕರುಗಳ ಮೇಲೆ ನಿಂತವು. ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಚಾಲನೆಯಾದದ್ದು 2024ರ ಅಕ್ಟೋಬರಿನಲ್ಲಿ, ಅಂದರೆ ಅದೇ ವರ್ಷದ ಬೇಸಿಗೆಯ ನೀರಿನ ಬಿಕ್ಕಟ್ಟು ಮುಗಿದ ಮೇಲೆ. ಕೆಂಪೇಗೌಡ ಬಡಾವಣೆಯಲ್ಲಿ 2016ರಿಂದ ಬಿಡಿಎ ಸೈಟು ಹಂಚಿದರೂ ರಸ್ತೆ, ನೀರು, ವಿದ್ಯುತ್ತಿಗಾಗಿ ಹಂಚಿಕೆದಾರರು ವರ್ಷಗಟ್ಟಲೆ ದೂರುತ್ತಾ ಬಂದರು. ಸಂಪರ್ಕವಿಲ್ಲದ ಸೈಟು ಬಾಡಿಗೆ ಮಾರುಕಟ್ಟೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಇತ್ತ ಬಸವನಗುಡಿ, ಮಲ್ಲೇಶ್ವರ, ಜಯನಗರಗಳಲ್ಲಿ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವ ದೂರದಲ್ಲಿ ಒಂದಂತಸ್ತಿನ ಮನೆಗಳು ಉಳಿದಿವೆ. ಅಲ್ಲಿಯ ಮರಗಳ ಬಗ್ಗೆ ನನಗೂ ಪ್ರೀತಿಯಿದೆ. ಆದರೆ ಅಲ್ಲಿ ಕಟ್ಟದ ಮನೆಯನ್ನು ಕೆರೆಯ ಅಂಚಿನಲ್ಲಿ ಕಟ್ಟುತ್ತಾರೆ ಎಂಬುದು 2022ರ ಸೆಪ್ಟೆಂಬರಿನಲ್ಲಿ ಮಹದೇವಪುರದ ಬಡಾವಣೆಗಳು ಮುಳುಗಿದಾಗ ಗೊತ್ತಾಯಿತು. 2023ರ ಜನವರಿಯ ಪ್ರವಾಹದ ನಂತರ ಆಕ್ಲೆಂಡಿನಲ್ಲೂ, ನೀರು ಹರಿಯುವ ಜಾಗದಲ್ಲಿ ಮನೆ ಹೆಚ್ಚಿಸಲು ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ಎದ್ದಿತು. ಎಷ್ಟು ಮನೆ ಎಂಬುದರ ಜೊತೆಗೆ ಎಲ್ಲಿ ಎಂಬುದನ್ನು ಕೇಳದೆ ಇದ್ದರೆ ಬಾಡಿಗೆಯಲ್ಲಿ ಉಳಿಸಿದ್ದನ್ನು ಟ್ಯಾಂಕರಿಗೂ ಪೆಟ್ರೋಲಿಗೂ ಕಟ್ಟಬೇಕಾಗುತ್ತದೆ.

ಪೀಣ್ಯ ಕಡೆಯವನು:

ಆಕ್ಲೆಂಡಿನವರ ಮಾತನ್ನು ಒಪ್ಪುತ್ತೇನೆ, ಒಂದು ಷರತ್ತಿನೊಂದಿಗೆ. ಜಯನಗರದಲ್ಲಿ ಎಫ್‌ಎಆರ್ ಹೆಚ್ಚಿಸಿದರೆ ಜಾಗದ ಮಾಲೀಕನಿಗೆ ಕೂತಲ್ಲೇ ಕೋಟಿಗಟ್ಟಲೆ ಲಾಭ ಬರುತ್ತದೆ. ಹೆಚ್ಚುವರಿ ಎಫ್‌ಎಆರ್‌ಗೆ ಸರ್ಕಾರ ಶುಲ್ಕ ವಸೂಲಿ ಮಾಡುವುದೇ ಆದರೆ ಆ ಹಣ ರಾಜ್ಯದ ಬೊಕ್ಕಸದಲ್ಲಿ ಕರಗಿಹೋಗದೆ, ಅದೇ ನಗರದಲ್ಲಿ ಕಾರ್ಮಿಕರ ಬಾಡಿಗೆ ವಸತಿಗೆ ಮೀಸಲಾಗಿರಬೇಕು.

ವಿಜಯನಗರದ ಮನೆಯೊಡತಿ:

ಶುಲ್ಕ ಹಾಕುವಾಗ ನೂರು ಫ್ಲ್ಯಾಟಿನ ಬಿಲ್ಡರನ್ನೂ ನಾಲ್ಕು ಮನೆಯ ನಮ್ಮಂಥವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದಷ್ಟೇ ಕೋರುತ್ತೇನೆ. ಮಹಡಿಯೊಂದಕ್ಕೆ ಎಂಟು ಹತ್ತು ಲಕ್ಷ ಶುಲ್ಕವಾದರೆ ಅದು ಕೊನೆಗೆ ಬಾಡಿಗೆಗೇ ಸೇರುತ್ತದೆ, ಇಲ್ಲವೇ ಜನ ಮೊದಲಿನಂತೆ ನಕ್ಷೆಯಿಲ್ಲದೆ ಕಟ್ಟುತ್ತಾರೆ.

ಮಾರತ್ತಹಳ್ಳಿ ಬಾಡಿಗೆದಾರ:

ಕೊನೆಯದಾಗಿ ಒಂದು ವಿಷಯ. ಮಿನಿಯಾಪೊಲಿಸ್ಸಿಗೂ ಆಕ್ಲೆಂಡಿಗೂ ಶೇಕಡಾವಾರು ಅಂಕಿಗಳಿವೆ. ಬೆಂಗಳೂರಿಗೆ ಅಂಥ ಅಧಿಕೃತ ಅಂಕಿ ಎಲ್ಲಿ ಸಿಗುತ್ತದೆ? ಪತ್ರಿಕೆಗಳಲ್ಲಿ ಬರುವುದೆಲ್ಲ ಮನೆ ಮಾರುವ ಜಾಲತಾಣಗಳೇ ಹೇಳಿದ್ದು.

ಅರ್ಥಶಾಸ್ತ್ರದ ಉಪನ್ಯಾಸಕ, ಮೈಸೂರು:

ಈ ಕೊರತೆ ನಿಜವಾದದ್ದು. ರಿಸರ್ವ್ ಬ್ಯಾಂಕು ಮತ್ತು ರಾಷ್ಟ್ರೀಯ ವಸತಿ ಬ್ಯಾಂಕು ಬೆಂಗಳೂರಿನ ಮನೆಗಳ ಬೆಲೆ ಸೂಚ್ಯಂಕವನ್ನು ಪ್ರಕಟಿಸುತ್ತವೆ, ಆದರೆ ಅದು ಮಾರಾಟದ ಬೆಲೆಗೆ ಸಂಬಂಧಿಸಿದ್ದು. ಬಾಡಿಗೆಯ ದಾಖಲೆಯೇ ಹುಟ್ಟದಿರುವುದಕ್ಕೆ ಕಾರಣ ನೀವೂ ನಾನೂ ಸಹಿ ಹಾಕುವ ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವೆಂಬ ಕಾರಣಕ್ಕೆ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ, ಹೀಗಾಗಿ ನಗರದ ಲಕ್ಷಾಂತರ ಬಾಡಿಗೆ ವ್ಯವಹಾರಗಳು ಛಾಪಾಕಾಗದದ ಮೇಲೆ ಉಳಿದು ಯಾವ ಕಚೇರಿಯ ಪುಸ್ತಕಕ್ಕೂ ಹೋಗುವುದಿಲ್ಲ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ಹೊಸ ಯೋಜನೆಗಳ ವಿವರ ಸಿಗುತ್ತದೆ, ಆದರೆ ವಿಜಯನಗರದವರು ಕಟ್ಟಿದಂಥ ನಾಲ್ಕು ಮನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಉಳಿದ ದಾರಿಯೆಂದರೆ ಜನಗಣತಿ. 2027ರ ಜನಗಣತಿಯ ಮೊದಲ ಹಂತವಾದ ಮನೆಪಟ್ಟಿ ಕಾರ್ಯದಲ್ಲಿ ಮನೆ ಸ್ವಂತದ್ದೋ ಬಾಡಿಗೆಯದೋ, ಕೋಣೆಗಳೆಷ್ಟು, ಕಟ್ಟಡ ಖಾಲಿಯಿದೆಯೋ ಎಂಬುದೆಲ್ಲ ದಾಖಲಾಗುತ್ತದೆ. ಅದು ವಾರ್ಡುವಾರು ಪ್ರಕಟವಾದಾಗ 2011ರ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ನಿಮ್ಮ ಮಾರತ್ತಹಳ್ಳಿಯಲ್ಲಿ ಬಾಡಿಗೆ ಸಂಸಾರಗಳು ಹೆಚ್ಚಿದಷ್ಟು ಮನೆಗಳು ಹೆಚ್ಚಿಲ್ಲವೆಂದು ಕಂಡರೆ ನನ್ನ ವಾದ ಸರಿಯೆಂದಾಗುತ್ತದೆ. ಖಾಲಿ ಮನೆಗಳ ಪಾಲೇ ಏರಿದ್ದರೆ ಪೀಣ್ಯದವರ ಪ್ರಶ್ನೆಗೂ ಬೀಗದ ವಿಚಾರಕ್ಕೂ ನಾನು ಇನ್ನಷ್ಟು ಉತ್ತರ ಹುಡುಕಬೇಕಾಗುತ್ತದೆ. ಎಣಿಕೆಯವರು ಬಂದಾಗ ಬಾಡಿಗೆಗಿದ್ದೇವೆ ಎಂದು ಹೇಳಲು ಹಿಂಜರಿಯುವವರೂ, ಬಾಡಿಗೆಗೆ ಕೊಟ್ಟಿದ್ದನ್ನು ತೆರಿಗೆಯ ಭಯದಿಂದ ಮರೆಮಾಡುವ ಮಾಲೀಕರೂ ಇದ್ದಾರೆ, ಆದ್ದರಿಂದ ಆ ಅಂಕಿಯನ್ನೂ ಸ್ವಲ್ಪ ಎಚ್ಚರದಿಂದಲೇ ಓದಬೇಕು.